ಪತ್ತಿನ ಸಂಘಗಳ ಲೆಕ್ಕಪರಿಶೋಧನೆಯಲ್ಲಿ ಬ್ಯಾಕಪ್ ಪರೀಕ್ಷೆಯೂ ಸೇರಲಿ

ಮಾನ್ಯ ಸಂಪಾದಕರೆ,

ಸಹಕಾರ ಸಂಘಗಳ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಹಂಚುವ ವರದಿಯಲ್ಲಿ ಠೇವಣಿ, ಸಾಲ, ವಸೂಲಿ, ಲಾಭಾಂಶಗಳ ಲೆಕ್ಕ ತಪ್ಪದೆ ಇರುತ್ತದೆ. ಆದರೆ ಆ ಲೆಕ್ಕವೆಲ್ಲ ಯಾವ ಯಂತ್ರದಲ್ಲಿದೆ, ಆ ಯಂತ್ರ ನಾಳೆ ಕೆಟ್ಟು ನಿಂತರೆ ಎಷ್ಟು ಹೊತ್ತಿನಲ್ಲಿ ಮರಳಿ ಸಿಗುತ್ತದೆ ಎಂಬುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಸದಸ್ಯರು ಕೇಳುವುದೂ ಇಲ್ಲ. ಗದಗ-ಬೆಟಗೇರಿಯಲ್ಲಿ ಪತ್ತಿನ ಸಂಘಗಳು, ಮುದ್ರಣಾಲಯಗಳು ಮತ್ತು ಅಡತಿ ಅಂಗಡಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ವೃತ್ತಿಯಲ್ಲಿರುವ ನಾನು, ಸಂಘಗಳ ಲೆಕ್ಕಪರಿಶೋಧನೆಯ ವೇಳೆ ಬ್ಯಾಕಪ್ಪಿನ, ಅಂದರೆ ಮೂಲ ಕೆಟ್ಟರೆ ಬಳಸಲೆಂದು ತೆಗೆದಿಡುವ ನಕಲು ಪ್ರತಿಯ, ಪರೀಕ್ಷೆಯೂ ಕಡ್ಡಾಯವಾಗಬೇಕೆಂದು ಸಹಕಾರ ಇಲಾಖೆಯ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

ಜಿಲ್ಲೆಯ ಒಂದು ಪತ್ತಿನ ಸಂಘದಲ್ಲಿ ನಡೆದದ್ದನ್ನು ಹೇಳಿದರೆ ವಿಷಯ ಸ್ಪಷ್ಟವಾದೀತು. ಅದರ ಹೆಸರು ಇಲ್ಲಿ ಅಗತ್ಯವಿಲ್ಲ. ಆ ಸಂಘದವರು ದುಡ್ಡು ಉಳಿಸಲು ನೋಡಿದವರಲ್ಲ. ಒಳ್ಳೆಯ ಸರ್ವರನ್ನೇ ಕೊಂಡು, ಮೂರು ಹಾರ್ಡ್ ಡಿಸ್ಕುಗಳನ್ನು ರೇಡ್-5 ವಿಧಾನದಲ್ಲಿ ಜೋಡಿಸಿಕೊಂಡಿದ್ದರು. ಈ ವಿಧಾನದಲ್ಲಿ ಮಾಹಿತಿಯ ಜತೆಗೆ, ಕಳೆದುಹೋದ ಭಾಗವನ್ನು ಲೆಕ್ಕ ಹಾಕಿ ಮರಳಿ ಪಡೆಯಲು ಬೇಕಾದ ಪ್ಯಾರಿಟಿಯನ್ನೂ ಎಲ್ಲ ಡಿಸ್ಕುಗಳಿಗೆ ಹಂಚಿ ಬರೆಯುವುದರಿಂದ, ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಕೆಲಸ ನಿಲ್ಲದಿದ್ದುದೇ ಅಲ್ಲಿ ತೊಡಕಾಯಿತು. ಒಂದು ಡಿಸ್ಕ್ ಕೆಟ್ಟು, ಸರ್ವರಿನ ಮುಂಭಾಗದಲ್ಲಿ ಹಳದಿ ದೀಪ ತಿಂಗಳುಗಟ್ಟಲೆ ಮಿನುಗುತ್ತಿದ್ದರೂ ಪಿಗ್ಮಿ ಜಮಾ ಎಂದಿನಂತೆ ಆಗುತ್ತಿತ್ತು, ಪಾಸ್‌ಬುಕ್ ಅಚ್ಚಾಗುತ್ತಿತ್ತು. ಸಿಬ್ಬಂದಿ ಆ ದೀಪ ಇರುವುದೇ ಹಾಗೆ ಎಂದುಕೊಂಡಿದ್ದರು. ಕೊನೆಗೆ ಯಾರೋ ಗಮನಿಸಿ ಹೊಸ ಡಿಸ್ಕ್ ಹಾಕಿಸಿದಾಗ, ಅದನ್ನು ತುಂಬಿಸಲು ಉಳಿದೆರಡು ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಾಯಿತು. ಒಂದೇ ದಿನ ಕೊಂಡು, ಒಂದೇ ಸಮನೆ ದುಡಿದು ಸವೆದಿದ್ದ ಅವುಗಳಲ್ಲಿ ಇನ್ನೊಂದು ಆ ಹೊತ್ತಿನಲ್ಲೇ ಕೈಕೊಟ್ಟಿತು; ಅಲ್ಲಿಗೆ ಸರ್ವರಿನಲ್ಲಿದ್ದ ಲೆಕ್ಕವೆಲ್ಲ ಹೋಯಿತು.

ಬ್ಯಾಕಪ್ ಇರಲಿಲ್ಲವೇ ಎಂದರೆ, ಇತ್ತು. ಅದೇ ಕಪಾಟಿನಲ್ಲಿ ಹೊರಗಿನ ಡಿಸ್ಕೊಂದನ್ನು ಸದಾ ಜೋಡಿಸಿಡಲಾಗಿತ್ತು, ಪ್ರತಿ ರಾತ್ರಿ ‘ಬ್ಯಾಕಪ್ ಯಶಸ್ವಿ’ ಎಂಬ ಸಂದೇಶವೂ ಬರುತ್ತಿತ್ತು. ಆದರೆ ಹಿಂದೊಮ್ಮೆ ಸಾಫ್ಟ್‌ವೇರ್ ಬದಲಿಸಿದಾಗ ಲೆಕ್ಕಪತ್ರದ ಫೋಲ್ಡರ್ ಬೇರೆ ಜಾಗಕ್ಕೆ ಹೋಗಿದ್ದು, ಹೊಸ ದಾಖಲೆ ಯಾವುದೂ ಸೇರದ ಹಳೆಯ ಫೋಲ್ಡರೇ ದಿನವೂ ನಿಷ್ಠೆಯಿಂದ ನಕಲಾಗುತ್ತಿತ್ತು. ಅದನ್ನು ಒಮ್ಮೆಯೂ ಯಾರೂ ತೆರೆದು ನೋಡಿರಲಿಲ್ಲ. ಆಮೇಲೆ ಸದಸ್ಯರ ಪಾಸ್‌ಬುಕ್, ಪಿಗ್ಮಿ ಏಜೆಂಟರ ರಸೀದಿ ಮತ್ತು ಮುದ್ರಿಸಿಟ್ಟಿದ್ದ ದಿನವಹಿಗಳನ್ನು ಮುಂದಿಟ್ಟುಕೊಂಡು ಎಲ್ಲವನ್ನೂ ಮತ್ತೆ ನಮೂದಿಸಬೇಕಾಯಿತು. ಕಂಪ್ಯೂಟರ್ ಬಂದ ಮೇಲೂ ದಿನವಹಿಯನ್ನು ಕಾಗದದ ಮೇಲೆ ತೆಗೆದಿಡುವ ಹಳೆಯ ಕಾರ್ಯದರ್ಶಿಗಳನ್ನು ಹಾಸ್ಯ ಮಾಡುವವರಿದ್ದಾರೆ, ನಾನಂತೂ ಮಾಡಲಾರೆ.

1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್ ರೇಡ್ ವ್ಯವಸ್ಥೆಯನ್ನು ತಮ್ಮ ಪ್ರಬಂಧದಲ್ಲಿ ವಿವರಿಸಿದಾಗ, ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಕೂಡಿಸಿ ದುಡಿಸುವುದು ಅವರ ಆಶಯವಾಗಿತ್ತು. ಡಿಸ್ಕ್ ಕೆಟ್ಟಾಗ ಕೆಲಸ ಮುಂದುವರಿಸಲು ಅದು ನೆರವಾಗುತ್ತದೆ, ಅಷ್ಟೇ. ಗುಮಾಸ್ತರು ಕಡತವನ್ನು ಅಳಿಸಿದರೆ ಅದು ಎಲ್ಲ ಡಿಸ್ಕುಗಳಿಂದಲೂ ಏಕಕಾಲಕ್ಕೆ ಅಳಿಯುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವಾನಾಕ್ರೈಯಂತಹ, ಕಡತಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ರಾನ್ಸಮ್‌ವೇರ್ ಹೊಕ್ಕರೆ, ಸರ್ವರ್ ಮಾತ್ರವಲ್ಲ, ಅದಕ್ಕೆ ಜೋಡಿಸಿಟ್ಟ ಹೊರಗಿನ ಡಿಸ್ಕೂ ಬೀಗ ಹಾಕಿಸಿಕೊಳ್ಳುತ್ತದೆ. ಮೊಬೈಲಿನ ಫೋಟೊಗಳನ್ನೂ ಮುದ್ರಣಾಲಯದ ವಿನ್ಯಾಸಗಳನ್ನೂ ಗೂಗಲ್ ಡ್ರೈವಿಗೆ ಸಿಂಕ್ ಮಾಡಿ ನಿಶ್ಚಿಂತರಾಗಿರುವವರಿಗೂ ಇದೇ ಮಾತು ಅನ್ವಯಿಸುತ್ತದೆ: ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಅಲ್ಲಿನ ಕಸದ ಬುಟ್ಟಿಗೆ ಬಿದ್ದದ್ದು 30 ದಿನಗಳ ನಂತರ ತಾನಾಗಿಯೇ ಹೋಗುತ್ತದೆ.

ಇದು ಸಣ್ಣ ಊರಿನ ಸಣ್ಣ ಸಂಸ್ಥೆಗಳ ಪಾಡು ಮಾತ್ರವೆಂದು ಭಾವಿಸಬೇಕಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿರುವ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಂದ ಬೆಂಕಿ ಹೊತ್ತಿಕೊಂಡಾಗ, ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಟ್ಟಿದ್ದ 858 ಟೆರಾಬೈಟ್ ಸಂಗ್ರಹವೇ ಸುಟ್ಟುಹೋಯಿತು. ಗಾತ್ರ ದೊಡ್ಡದೆಂಬ ಕಾರಣಕ್ಕೆ ಅದರ ಪ್ರತಿಯನ್ನು ಬೇರೆಡೆ ಇಟ್ಟಿರಲಿಲ್ಲ. ನಮ್ಮ ಪತ್ತಿನ ಸಂಘವೊಂದರ ಇಡೀ ಲೆಕ್ಕ ಸಾಮಾನ್ಯವಾಗಿ ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ; ಆ ನೆಪ ನಮಗಿಲ್ಲ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿ ಎಂಬ ನಿಯಮ ಈ ವೃತ್ತಿಯವರಿಗೆಲ್ಲ ಗೊತ್ತಿರುವಂಥದು. ಎರಡು ಹೊರಗಿನ ಡಿಸ್ಕುಗಳನ್ನು ವಾರಕ್ಕೊಂದರಂತೆ ಬದಲಿಸುತ್ತ, ನಕಲು ಮುಗಿದ ಕೂಡಲೇ ತಂತಿ ಕಿತ್ತು ಶಾಖಾ ಕಚೇರಿಯ ತಿಜೋರಿಗೆ ಕಳುಹಿಸಿ, ದಿನದ ಪ್ರತಿಯೊಂದನ್ನು ಕ್ಲೌಡಿಗೆ ಹಾಕಿದರೆ ಸಣ್ಣ ಸಂಘಕ್ಕೆ ಸಾಕು. ತಿಜೋರಿಗೆ ಹೋಗುವುದು ಎಸ್‌ಎಸ್‌ಡಿ (ತಿರುಗುವ ತಟ್ಟೆಗಳ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವ ಡಿಸ್ಕ್) ಆಗದಿರಲಿ. ಅದರಲ್ಲಿ ಮಾಹಿತಿ ವಿದ್ಯುದಾವೇಶದ ರೂಪದಲ್ಲಿರುವುದರಿಂದ, ವಿದ್ಯುತ್ ಸಂಪರ್ಕವಿಲ್ಲದೆ ನಮ್ಮ ಬೇಸಿಗೆಯ ಕಾವಿನಲ್ಲಿ ಬಹುಕಾಲ ಬಿದ್ದಿದ್ದರೆ ಆವೇಶ ಸೋರಿಹೋಗುವ ಸಂಭವವಿದೆ. ದೊಡ್ಡ ಬ್ಯಾಂಕುಗಳು ಇಂದಿಗೂ ಮ್ಯಾಗ್ನೆಟಿಕ್ ಟೇಪನ್ನು ಬಿಟ್ಟಿಲ್ಲವೆಂದರೆ, ಯಂತ್ರದಿಂದ ಹೊರತೆಗೆದಿಟ್ಟ ಟೇಪಿಗೆ ಯಾವ ವೈರಸ್ಸೂ ತಲುಪದೆಂಬುದು ಅದಕ್ಕೊಂದು ಕಾರಣ.

ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಸ್ಥಾಪನೆಯಾದ ಕಣಗಿನಹಾಳ ನಮ್ಮ ಗದಗ ಜಿಲ್ಲೆಯಲ್ಲಿಯೇ ಇದೆ. ಕೇಂದ್ರ ಸರ್ಕಾರ 2022ರಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿದೆ. ಅವುಗಳ ಲೆಕ್ಕ ಎಲ್ಲ ಸಂಘಗಳಿಗೂ ಒಂದೇ ಆದ ಸಾಮಾನ್ಯ ತಂತ್ರಾಂಶದೊಳಗೆ ಬರುತ್ತದೆ. ಆದರೆ ಪಟ್ಟಣಗಳ ಪತ್ತಿನ ಸಂಘಗಳು, ಸೌಹಾರ್ದ ಸಹಕಾರಿಗಳು ಆ ಯೋಜನೆಯ ಹೊರಗಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಮಾಹಿತಿ ಸೋರುವುದಷ್ಟೇ ಅಲ್ಲ, ಆಕಸ್ಮಿಕವಾಗಿ ನಾಶವಾಗುವುದು, ಕೈಗೆ ಸಿಗದಂತಾಗುವುದೂ ಉಲ್ಲಂಘನೆಯಾಗಬಲ್ಲದು ಎಂಬುದು ಬಹಳಷ್ಟು ಆಡಳಿತ ಮಂಡಳಿಗಳಿಗೆ ತಿಳಿದಿಲ್ಲ.

ಆದ್ದರಿಂದ ಲೆಕ್ಕಪರಿಶೋಧಕರು ವರ್ಷದ ಯಾವುದಾದರೊಂದು ದಿನವನ್ನು ತಾವೇ ಆರಿಸಿ, ಆ ದಿನದ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ತಮ್ಮೆದುರೇ ತೆರೆಸಿ, ಅಖೈರು ಶಿಲ್ಕು ದಿನವಹಿಗೆ ತಾಳೆಯಾಗುತ್ತದೆಯೇ ಎಂದು ನೋಡಿ, ಅದಕ್ಕೆ ಹಿಡಿದ ಸಮಯದ ಸಮೇತ ತಮ್ಮ ವರದಿಯಲ್ಲಿ ದಾಖಲಿಸುವಂತೆ ಇಲಾಖೆ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ. ಪ್ರತಿಗೆ ಪಾಸ್‌ವರ್ಡ್ ಹಾಕಿದ್ದಲ್ಲಿ ಅದನ್ನು ಮುಚ್ಚಿದ ಲಕೋಟೆಯಲ್ಲಿ ಅಧ್ಯಕ್ಷರ ಬಳಿಯೂ ಇಡಿಸಬೇಕು. ಕಾರ್ಯದರ್ಶಿ ನಿವೃತ್ತರಾದ ಮೇಲೆ ಅವರ ಮನೆ ಹುಡುಕಿಕೊಂಡು ಹೋದ ಪ್ರಸಂಗಗಳೂ ಇವೆ.

ಇತಿ,
ಓರ್ವ ಕಂಪ್ಯೂಟರ್ ತಂತ್ರಜ್ಞ, ಗದಗ-ಬೆಟಗೇರಿ