ಹೌಸ್ ಕಾಂಪಿಟಿಷನ್‌ನಲ್ಲಿ ಕನ್ನಡಕ್ಕೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಮಂಗಳೂರಲ್ಲಿ ನನ್ನ ಮಗಳು ಓದೋ ಕ್ರಿಶ್ಚಿಯನ್ ಶಾಲೇಲಿ ಹೋದ ವಾರ ಹೌಸ್ ಕಾಂಪಿಟಿಷನ್ ಇತ್ತು, ರೆಡ್ಡು ಬ್ಲೂ ಗ್ರೀನು ಯೆಲ್ಲೋ ಅಂತ ನಾಲ್ಕು ಹೌಸು, ಮಾರ್ಚ್‌ಪಾಸ್ಟ್, ಥ್ರೋಬಾಲ್, ಕ್ವಿಜ್, ಗ್ರೂಪ್ ಸಾಂಗ್ ಎಲ್ಲಾ ತುಂಬಾ ಚೆನ್ನಾಗಿ ನಡೀತು. ರಿಲೇಲಿ ಗ್ರೀನ್ ಹೌಸ್ ಹುಡುಗ ಒಬ್ಬ ಬ್ಯಾಟನ್ ಕೆಳಗೆ ಹಾಕಿ ಟ್ರ್ಯಾಕ್ ಪಕ್ಕ ಕೂತು ಅಳ್ತಿದ್ದ, ಗೆದ್ದ ಬ್ಲೂ ಹೌಸ್ ಹುಡುಗ್ರೇ ಹೋಗಿ ಅವನ ಕೈಗೆ ನೀರಿನ ಬಾಟ್ಲಿ ಕೊಟ್ಟು ಹೆಗಲ ಮೇಲೆ ಕೈ ಹಾಕಿ ಕರ್ಕೊಂಡು ಬಂದ್ರು, ನೋಡಿ ಕಣ್ಣು ತುಂಬಿ ಬಂತು.

ಆದ್ರೆ ಒಂದು ಬೇಜಾರು. ಡಿಬೇಟು, ಎಲೊಕ್ಯೂಷನ್ನು ಎಲ್ಲಾ ಇಂಗ್ಲಿಷಲ್ಲೇ, ಕನ್ನಡ ಭಾಷಣಕ್ಕೆ ಪಾಯಿಂಟ್ಸೇ ಇಲ್ಲ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಇದೇ ಊರಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯ ಮೋಗ್ಲಿಂಗ್ ಶುರು ಮಾಡಿದ್ದು, 1894ರ ಆ ದೊಡ್ಡ ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ ಕೂಡ ಮಿಷನರಿನೇ. ಮನೇಲಿ ತುಳು, ಕೊಂಕಣಿ, ಬ್ಯಾರಿ ಮಾತಾಡೋ ಮಕ್ಕಳು ಸ್ಟೇಜ್ ಹತ್ತಿ ಕನ್ನಡ ಮಾತಾಡೋಕೆ ಶಾಲೆ ಬಿಟ್ರೆ ಬೇರೆ ಎಲ್ಲಿ ಚಾನ್ಸ್ ಸಿಗತ್ತೆ ಹೇಳಿ? ಮುಂದಿನ ವರ್ಷ ಒಂದು ಕನ್ನಡ ಚರ್ಚಾಸ್ಪರ್ಧೆ ಇಟ್ಟು ಅದಕ್ಕೂ ಹೌಸ್ ಪಾಯಿಂಟ್ಸ್ ಕೊಡಿ ಅಂತ ಶಾಲೆಯವರಲ್ಲಿ ಕೇಳ್ಕೋತೀನಿ.

- ಒಬ್ಬ ಪೋಷಕಿ, ಮಂಗಳೂರು