ಕೊಳೆಗೇರಿಯಲ್ಲಿ ಕಾಗದಪತ್ರದ ಕೆಲಸ

ಮಾನ್ಯ ಸಂಪಾದಕರೇ,

ಮುಂಬೈ ಕೊಳೆಗೇರಿಗಳಲ್ಲಿ ಚರ್ಚ್ ಕಡೆಯ ಸಿಸ್ಟರುಗಳು, ಕಾರ್ಯಕರ್ತರು ಹೊಲಿಗೆ ಕ್ಲಾಸು, ಉಳಿತಾಯ ಗುಂಪು ನಡೆಸುತ್ತಾರೆ, ಒಳ್ಳೆಯದೇ. ಆದರೆ ಕಲಬುರಗಿ, ವಿಜಯಪುರ ಕಡೆಯಿಂದ ಬಂದು ನೆಲೆಸಿದವರಿಗೆ ಹೆಚ್ಚು ಬೇಕಿರುವುದು ಕಾಗದಪತ್ರದ ಕೆಲಸ. ಕೊಳೆಗೇರಿ ಪುನರ್ವಸತಿ ಯೋಜನೆಯ ಉಚಿತ ಮನೆಗೆ 1-1-2000ಕ್ಕೆ ಮೊದಲಿನ ವಾಸದ ಪುರಾವೆ ಬೇಕು. ಮತದಾರರ ಪಟ್ಟಿಯಲ್ಲಿ ‘ಮಲ್ಲವ್ವ’ ಹೋಗಿ ‘ಮಾಲವಾ’ ಆಗಿರುತ್ತಾಳೆ, ಆಧಾರ್‌ನಲ್ಲಿ ಮತ್ತೊಂದು. ಅರ್ಜಿ ಅಲ್ಲೇ ನಿಲ್ಲುತ್ತದೆ. ಗಲ್ಲಿಗೊಬ್ಬ ಓದುಬಲ್ಲ ಹೆಂಗಸನ್ನು ಮುಂದಿಟ್ಟುಕೊಂಡು, ಹತ್ತಿಪ್ಪತ್ತು ಮನೆಗಳ ಹಳೆಯ ಲೈಟ್ ಬಿಲ್, ಫೋಟೋಪಾಸ್ (ಕೊಳೆಗೇರಿ ನಿವಾಸಿಗಳಿಗೆ ಸರ್ಕಾರ ಕೊಟ್ಟ ಗುರುತುಪತ್ರ), ರೇಷನ್ ಕಾರ್ಡ್ ತಾಳೆ ನೋಡಿ, ಹೆಸರಿನ ವ್ಯತ್ಯಾಸಕ್ಕೆ ಅಫಿಡವಿಟ್ ಮಾಡಿಸಬೇಕು. ಅರ್ಹರ ಪಟ್ಟಿ ಮರಾಠಿಯಲ್ಲಿರುತ್ತದೆ. ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವವರು ಬೇಕು. ಪ್ರಾರ್ಥನೆಗೆ ಬರುವವರ ಮನೆಗಷ್ಟೇ ಹೋದರೆ ಉಳಿದವರು ಬಾಗಿಲು ತೆರೆಯುವುದಿಲ್ಲ.

— ಓದುಗ, ಧಾರಾವಿ, ಮುಂಬೈ