ಇನ್ಸುಲಿನ್ ಪೆನ್ ಕಂಡೊಡನೆ ಮಕ್ಕಳನ್ನು ಓಟದಿಂದ ಹೊರಗಿಡಬೇಡಿ

ಮಾನ್ಯ ಸಂಪಾದಕರಿಗೆ,

ಕಾಸರಗೋಡು ಜಿಲ್ಲೆಯ ಒಂದು ಉಪಜಿಲ್ಲಾ ಶಾಲಾ ಕ್ರೀಡಾಕೂಟದಲ್ಲಿ 3000 ಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದ ಒಂಬತ್ತನೇ ತರಗತಿಯ ಬಾಲಕಿಯೊಬ್ಬಳನ್ನು, ಅವಳ ಚೀಲದಲ್ಲಿ ಮಧುಮೇಹಕ್ಕೆ ಚುಚ್ಚಿಕೊಳ್ಳುವ ಇನ್ಸುಲಿನ್ ಪೆನ್ ಇರುವುದು ಕಣ್ಣಿಗೆ ಬಿತ್ತೆಂಬ ಒಂದೇ ಕಾರಣಕ್ಕೆ, ಓಟ ಆರಂಭವಾಗುವ ಸ್ವಲ್ಪ ಮೊದಲು ಪಟ್ಟಿಯಿಂದ ಕೈಬಿಡಲಾಯಿತು. ಹಾಗೆ ಮಾಡಿದವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಮೈದಾನದಲ್ಲಿ ಮಗು ಕುಸಿದು ಬಿದ್ದರೆ ಯಾರು ಉತ್ತರ ಹೇಳುವುದು ಎಂಬ ಅಂಜಿಕೆ ಅವರಿಗಿತ್ತು. ಆದರೆ ಆ ಹುಡುಗಿ ಅದಕ್ಕೂ ವಾರಗಟ್ಟಲೆ ಮೊದಲಿನಿಂದ ಪ್ರತಿ ಸಂಜೆ ಅಡಿಕೆ ತೋಟಗಳ ನಡುವಿನ ಮಣ್ಣಿನ ರಸ್ತೆಯಲ್ಲಿ ಆ ಓಟಕ್ಕಿಂತಲೂ ಹೆಚ್ಚು ದೂರ ಓಡಿ, ಬೆರಳು ಚುಚ್ಚಿ ರಕ್ತದ ಸಕ್ಕರೆ ಪರೀಕ್ಷಿಸಿ, ತಾಯಿಯ ಜೊತೆ ಕುಳಿತು ಲೆಕ್ಕ ಬರೆದಿಟ್ಟವಳು. ಕಾಲು ಗಂಟೆಯೊಳಗೆ ಮುಗಿಯುವ ಸ್ಪರ್ಧೆಗಿಂತ ಆ ಸಂಜೆಯ ಅಭ್ಯಾಸವೇ ಅವಳ ದೇಹಕ್ಕೆ ಕಠಿಣವಾಗಿತ್ತು. ಅದನ್ನು ಅವಳು ಯಾವ ತೊಂದರೆಯೂ ಇಲ್ಲದೆ ನಿಭಾಯಿಸಿದ್ದಳು. ವಿದ್ಯಾರ್ಥಿ ದೆಸೆಯಿಂದಲೇ ಟೈಪ್ 1 ಮಧುಮೇಹದೊಡನೆ ಬದುಕುತ್ತ, ಈಗಲೂ ದೂರದ ಓಟಗಳಲ್ಲಿ ಭಾಗವಹಿಸುತ್ತಿರುವ ಓರ್ವ ಅಧ್ಯಾಪಕನಾಗಿ, ಈ ಅಂಜಿಕೆಗೆ ಮದ್ದು ಇದೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ತಿಳಿಸಬಯಸುತ್ತೇನೆ.

ನಮ್ಮ ಮನೆಗಳಲ್ಲಿ ಹಿರಿಯರಿಗೆ ಇರುವ ಶುಗರ್ ಬೇರೆ, ಇದು ಬೇರೆ. ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ಶಕ್ತಿಯೇ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡಿಬಿಡುತ್ತದೆ. ಸಿಹಿ ತಿಂದುದರಿಂದ ಇದು ಬರುವುದಲ್ಲ, ಹಾಗಲಕಾಯಿ ರಸ ಕುಡಿದುದರಿಂದ ಹೋಗುವುದೂ ಅಲ್ಲ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿ, 1922ರ ಜನವರಿಯಲ್ಲಿ ಅದನ್ನು ಹದಿನಾಲ್ಕರ ಹರೆಯದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಕೊಡುವವರೆಗೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ಹಾಗಾಗಿ ಮಗುವಿನ ಚೀಲದಲ್ಲಿ ಕಾಣುವ ಪೆನ್ ಅದರ ಆರೈಕೆ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಸಾಕ್ಷಿ. ಅದನ್ನು ಕಂಡು ಹೆದರುವುದಲ್ಲ, ಅದಿಲ್ಲದಿದ್ದರೆ ಹೆದರಬೇಕು.

ಓಡುವಾಗ ನಮ್ಮೊಳಗೆ ಏನಾಗುತ್ತದೆ ಎಂಬುದು ತಿಳಿದರೆ ಅರ್ಧ ಭಯ ಅಲ್ಲಿಗೇ ಹೋಗುತ್ತದೆ. ಮಧುಮೇಹವಿಲ್ಲದ ವ್ಯಕ್ತಿ ಓಡತೊಡಗಿದಾಗ ಅವನ ದೇಹ ಇನ್ಸುಲಿನ್ ಸ್ರವಿಸುವುದನ್ನು ತಾನಾಗಿಯೇ ತಗ್ಗಿಸುತ್ತದೆ, ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ನಮ್ಮಲ್ಲಿ ಹಾಗಲ್ಲ. ಮೊದಲೇ ಚುಚ್ಚಿಕೊಂಡ ಇನ್ಸುಲಿನ್ ಚರ್ಮದಡಿಯಿಂದ ರಕ್ತಕ್ಕೆ ಸೇರುತ್ತಲೇ ಇರುತ್ತದೆ, ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಅದೇ ಹೊತ್ತಿಗೆ ದುಡಿಯುವ ಸ್ನಾಯುಗಳು ಇನ್ಸುಲಿನ್ನಿನ ನೆರವಿಲ್ಲದೆಯೂ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಆದ್ದರಿಂದ ಒಂದೇ ಹದದಲ್ಲಿ ದೀರ್ಘಕಾಲ ಓಡಿದಾಗ, ಸೈಕಲ್ ತುಳಿದಾಗ, ಈಜಿದಾಗ ಸಕ್ಕರೆ ಇಳಿಯುತ್ತದೆ. ಇದಕ್ಕೆ ವಿರುದ್ಧವಾಗಿ 100 ಮೀಟರ್, 400 ಮೀಟರ್‌ನಂತಹ ಬಿರುಸಿನ ಓಟದಲ್ಲಿ, ಒಮ್ಮೊಮ್ಮೆ ಸ್ಪರ್ಧೆಯ ಆತಂಕದಲ್ಲೇ, ಅಡ್ರಿನಲಿನ್ ಹೆಚ್ಚಿ ಸಕ್ಕರೆ ಏರುವುದೂ ಉಂಟು. ಗೆರೆಯ ಮೇಲೆ ನಿಂತಾಗ ತುಸು ಹೆಚ್ಚು ಕಂಡ ಸಕ್ಕರೆಯನ್ನು ಇಳಿಸಲೆಂದು ಗಾಬರಿಯಲ್ಲಿ ಇನ್ನಷ್ಟು ಇನ್ಸುಲಿನ್ ಕೊಟ್ಟರೆ, ಅರ್ಧ ದಾರಿಯಲ್ಲಿ ಅದು ಪಾತಾಳಕ್ಕಿಳಿಯುತ್ತದೆ.

ಇದಕ್ಕೆಲ್ಲ ಜಗತ್ತಿನಾದ್ಯಂತ ವೈದ್ಯರು ಒಪ್ಪಿದ ಕ್ರಮಗಳಿವೆ. ದೂರದ ಓಟಕ್ಕೆ ಮೊದಲು ರಕ್ತದ ಸಕ್ಕರೆ ಡೆಸಿಲೀಟರಿಗೆ 126ರಿಂದ 180 ಮಿಲಿಗ್ರಾಂ ನಡುವೆ ಇದ್ದರೆ ಒಳ್ಳೆಯದು. 90ಕ್ಕಿಂತ ಕೆಳಗಿದ್ದರೆ ಮೊದಲು ಏನಾದರೂ ತಿನ್ನಬೇಕು. 270ಕ್ಕಿಂತ ಮೇಲಿದ್ದರೆ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಕರಗಿಸಿದಾಗ ಉಂಟಾಗುವ ಆಮ್ಲ) ಪರೀಕ್ಷಿಸಬೇಕು, ಅದು ಹೆಚ್ಚಿದ್ದರೆ ಓಡಲೇಬಾರದು. ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಇನ್ನೊಬ್ಬರ ಸಹಾಯ ಬೇಕಾಗುವಷ್ಟು ಸಕ್ಕರೆ ಕುಸಿದಿದ್ದರೂ ಅಂದು ವಿಶ್ರಾಂತಿಯೇ ಸರಿ. ಎಲ್ಲ ದಿನವೂ ಎಲ್ಲರೂ ಓಡಬಹುದೆಂದು ನಾನು ಹೇಳುತ್ತಿಲ್ಲ. ತಡೆಯಲು ಅಂಕೆಯೊಂದು ಕಾರಣವಾಗಬೇಕೇ ಹೊರತು ಕಾಯಿಲೆಯ ಹೆಸರಲ್ಲ ಎಂಬುದು ನನ್ನ ವಾದ. ಊಟವಾಗಿ ಸ್ವಲ್ಪ ಹೊತ್ತಿಗೇ ಓಡುವುದಿದ್ದರೆ ಆ ಊಟದ ಇನ್ಸುಲಿನ್ನನ್ನು ವೈದ್ಯರ ಸಲಹೆಯಂತೆ ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೂ ತಗ್ಗಿಸುವುದಿದೆ. ಗಂಟೆಗಟ್ಟಲೆ ನಡೆಯುವ ಸ್ಪರ್ಧೆಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಹೊಟ್ಟೆ ಸೇರುತ್ತಿರಬೇಕು. ಓಡುವ ಮೊದಲು ತೊಡೆಗೆ ಚುಚ್ಚಿಕೊಂಡರೆ ಇನ್ಸುಲಿನ್ ಬೇಗ ಹೀರಲ್ಪಡುವುದರಿಂದ ನಾನು ಹೊಟ್ಟೆಗೇ ಚುಚ್ಚಿಕೊಳ್ಳುತ್ತೇನೆ.

ನನ್ನ ಸೊಂಟದ ಪಟ್ಟಿಯಲ್ಲಿ ಗ್ಲುಕೋಮೀಟರ್, ನಾಲ್ಕಾರು ಸ್ಟ್ರಿಪ್, ಗ್ಲುಕೋಸ್ ಹುಡಿಯ ಪೊಟ್ಟಣ ಮತ್ತು ಒಂದು ತುಂಡು ಒದ್ದೆ ಬಟ್ಟೆ ಇರುತ್ತವೆ. ಬಟ್ಟೆ ಏಕೆಂದರೆ, ಬಾಳೆಹಣ್ಣು ಹಿಡಿದ ಅಥವಾ ಗ್ಲುಕೋಸ್ ಅಂಟಿದ ಬೆರಳನ್ನು ಒರೆಸದೆ ಚುಚ್ಚಿದರೆ ಮೀಟರು ಇಲ್ಲದ ಸಕ್ಕರೆಯನ್ನು ತೋರಿಸಿ, ನಿಜವಾಗಿ ಲೋ ಆಗುತ್ತಿರುವುದನ್ನು, ಅಂದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತಿರುವುದನ್ನು, ಮರೆಮಾಚುತ್ತದೆ. ತೋಳಿಗೆ ಅಂಟಿಸುವ ಸೆನ್ಸರ್ ದೊಡ್ಡ ಉಪಕಾರವೇ ಆದರೂ ಅದು ಅಳೆಯುವುದು ಚರ್ಮದಡಿಯ ದ್ರವದ ಸಕ್ಕರೆಯನ್ನು. ಓಡುವಾಗ ಅದರ ಅಂಕೆ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ. ನಮ್ಮ ಕರಾವಳಿಯ ಬೆವರಿಗೆ ಅದರ ಪ್ಲಾಸ್ಟರು ಕಳಚುವುದಂತೂ ಇದ್ದದ್ದೇ. ಲೋ ಆದಾಗ ಚಾಕಲೇಟಿಗಿಂತ ಗ್ಲುಕೋಸ್ ಹುಡಿಯೇ ವಾಸಿ, ಏಕೆಂದರೆ ಕೊಬ್ಬು ಸೇರಿದ ಸಿಹಿ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಬೊಂಡದ ನೀರು ದಾಹಕ್ಕೆ ಒಳ್ಳೆಯದಾದರೂ ಅದರಲ್ಲಿರುವ ಸಕ್ಕರೆ ಆ ಹೊತ್ತಿಗೆ ಸಾಲದು.

ಹೆತ್ತವರು ಮೈದಾನಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ರಾತ್ರಿಯನ್ನು. ಸಂಜೆ ದಣಿದ ಸ್ನಾಯುಗಳು ಖಾಲಿಯಾದ ಸಕ್ಕರೆಯ ದಾಸ್ತಾನನ್ನು ಮತ್ತೆ ತುಂಬಿಸಿಕೊಳ್ಳುವುದರಿಂದ, ಓಟ ಮುಗಿದು ಎಷ್ಟೋ ಗಂಟೆಗಳ ಬಳಿಕ, ನಿದ್ದೆಯಲ್ಲಿ ಸಕ್ಕರೆ ಇಳಿಯುವುದುಂಟು. ಕಠಿಣ ಅಭ್ಯಾಸದ ದಿನ ಮಲಗುವ ಮೊದಲೊಮ್ಮೆ, ನಡುರಾತ್ರಿ ಮತ್ತೊಮ್ಮೆ ಪರೀಕ್ಷಿಸುವುದು, ರಾತ್ರಿಯ ಇನ್ಸುಲಿನ್ ತಗ್ಗಿಸಬೇಕೇ ಎಂದು ವೈದ್ಯರನ್ನು ಕೇಳಿಟ್ಟುಕೊಳ್ಳುವುದು ಅಗತ್ಯ.

ಇಷ್ಟನ್ನು ಪಾಲಿಸಿ ಎಷ್ಟು ದೂರ ಹೋಗಬಹುದೆಂಬುದಕ್ಕೆ ನಿದರ್ಶನಗಳಿಗೆ ಬರವಿಲ್ಲ. ವಾಸಿಮ್ ಅಕ್ರಂ 1997ರಲ್ಲಿ ಈ ಕಾಯಿಲೆ ಪತ್ತೆಯಾದ ಮೇಲೂ 2003ರ ವಿಶ್ವಕಪ್‌ವರೆಗೆ ವೇಗದ ಬೌಲಿಂಗ್ ಮಾಡಿದರು. ಅಮೆರಿಕದ ಕ್ರಿಸ್ ಫ್ರೀಮನ್, ದಮ್ಮಿನ ಪರೀಕ್ಷೆಯೇ ಆದ ಕ್ರಾಸ್ ಕಂಟ್ರಿ ಸ್ಕೀಯಿಂಗಿನಲ್ಲಿ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು. ಟೀಂ ನೋವೊ ನಾರ್ಡಿಸ್ಕ್ ಎಂಬ ವೃತ್ತಿಪರ ಸೈಕಲ್ ತಂಡದ ಸವಾರರೆಲ್ಲರೂ ಟೈಪ್ 1 ಮಧುಮೇಹಿಗಳು. ಎಳವೆಯಿಂದಲೇ ಇನ್ಸುಲಿನ್ ಮೇಲೆ ಬದುಕುತ್ತಿರುವ ಟೆನಿಸ್ ಆಟಗಾರ ಅಲೆಕ್ಸಾಂಡರ್ ಜ್ವೆರೆವ್, 2023ರ ಫ್ರೆಂಚ್ ಓಪನ್ನಿನಲ್ಲಿ ಅಂಕಣದಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳಲು ಬಿಡದಿರುವುದನ್ನು ಬಹಿರಂಗವಾಗಿ ಆಕ್ಷೇಪಿಸಬೇಕಾಯಿತು. ಅಷ್ಟು ದೊಡ್ಡ ಕೂಟದಲ್ಲೇ ಹೀಗಾದರೆ ನಮ್ಮ ಶಾಲಾ ಮೈದಾನದಲ್ಲಿ ಹುಡುಗಿಯೊಬ್ಬಳು ಯಾರನ್ನು ಕೇಳಬೇಕು?

ನಮ್ಮ ತರಬೇತುದಾರರು ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿ ಇನ್ಸುಲಿನ್ ಕೂಡ ಇದೆ. ಚಿಕಿತ್ಸೆಗಾಗಿ ಬಳಸುವ ಕ್ರೀಡಾಪಟು ವೈದ್ಯಕೀಯ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಿ ವಿನಾಯಿತಿ ಪಡೆಯಬೇಕು. ರಾಷ್ಟ್ರಮಟ್ಟದ ಕನಸಿರುವ ಮಗುವಿಗೆ ಇದನ್ನು ಮೊದಲೇ ಹೇಳಿಕೊಡದಿದ್ದರೆ ಆಗುವ ಅನ್ಯಾಯ ಸಣ್ಣದಲ್ಲ.

ಕಾಸರಗೋಡಿನ ಕನ್ನಡಿಗರ ಸ್ಥಿತಿಗೆ ತನ್ನದೇ ಆದ ತೊಡಕುಗಳಿವೆ. ನಮ್ಮಲ್ಲಿ ಅನೇಕರು ತಜ್ಞ ವೈದ್ಯರಿಗಾಗಿ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವವರು. 2020ರ ಲಾಕ್‌ಡೌನಿನಲ್ಲಿ ಆ ಗಡಿ ಮುಚ್ಚಿದಾಗ ಅನುಭವಿಸಿದ ಕಷ್ಟ ಯಾರಿಗೂ ಮರೆತಿಲ್ಲ. ಇತ್ತ ಕೇರಳ ಸಾಮಾಜಿಕ ಸುರಕ್ಷಾ ಮಿಷನ್ ನಡೆಸುವ 'ಮಿಠಾಯಿ' ಯೋಜನೆ ಟೈಪ್ 1 ಮಧುಮೇಹವಿರುವ ಮಕ್ಕಳಿಗೆಂದೇ ಇದೆ. ಗಡಿನಾಡಿನ ಕನ್ನಡ ಮನೆಗಳಲ್ಲಿ ಅದರ ಹೆಸರೇ ಕೇಳದ ಹೆತ್ತವರನ್ನು ನಾನು ಕಂಡಿದ್ದೇನೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ತಮ್ಮ ಭಾಷೆಯಲ್ಲೇ ಸರಕಾರದೊಡನೆ ವ್ಯವಹರಿಸುವ ಹಕ್ಕು ನೀಡಿರುವಾಗ, ಮಗುವಿನ ಜೀವಕ್ಕೆ ಸಂಬಂಧಿಸಿದ ಇಂತಹ ಮಾಹಿತಿ ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಪ್ರತಿ ಶಾಲೆಗೂ ಕನ್ನಡದಲ್ಲಿ ತಲುಪಬೇಕು.

ಸಿಬಿಎಸ್‌ಇ ಮಂಡಳಿ 2017ರಲ್ಲೇ ಟೈಪ್ 1 ಮಧುಮೇಹವಿರುವ ವಿದ್ಯಾರ್ಥಿಗಳಿಗೆ ಪರೀಕ್ಷಾ ಕೊಠಡಿಯೊಳಗೆ ತಿನಿಸು ಒಯ್ಯಲು ಅನುಮತಿ ನೀಡಿತು. ಅಂತಹದೇ ಸ್ಪಷ್ಟ ಸೂಚನೆ ಕ್ರೀಡಾಕೂಟಗಳಿಗೂ ಬೇಕು. ಮಗು ಮೀಟರ್, ಸೆನ್ಸರ್, ಗ್ಲುಕೋಸ್ ಒಯ್ಯಬಹುದು, ಓಟದ ನಡುವೆ ನಿಂತು ಪರೀಕ್ಷಿಸಿ ಏನಾದರೂ ತಿಂದರೆ ಅನರ್ಹಗೊಳಿಸುವಂತಿಲ್ಲ ಎಂದು ಅದರಲ್ಲಿರಲಿ. ನೀರು ಕೊಡುವ ಕಡೆಯಲ್ಲೆಲ್ಲ ಗ್ಲುಕೋಸ್ ಹುಡಿಯೂ ಇರಲಿ. ಮೈದಾನದಲ್ಲಿ ಒಬ್ಬರಾದರೂ ತಿಳಿದವರಿರಬೇಕು: ಸಕ್ಕರೆ 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಗ್ಲುಕೋಸ್ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ನೋಡುವುದು, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡುವುದು. ಇದನ್ನು ಕಲಿಸಲು ಅರ್ಧ ದಿನ ಸಾಕು.

ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು ಮುಂದಿನ ಕ್ರೀಡಾಕೂಟಕ್ಕೆ ಮೊದಲು ಇಂತಹ ಸುತ್ತೋಲೆಯನ್ನು ಮಲಯಾಳ ಮತ್ತು ಕನ್ನಡ ಎರಡರಲ್ಲೂ ಹೊರಡಿಸಬೇಕೆಂದು ವಿನಂತಿಸುತ್ತೇನೆ. ಯಾವುದೇ ಶಾಲೆಯ ದೈಹಿಕ ಶಿಕ್ಷಣ ಅಧ್ಯಾಪಕರು ಕರೆದರೂ ರಜಾದಿನಗಳಲ್ಲಿ ಬಂದು, ಮೀಟರು ಮತ್ತು ಪೆನ್ನನ್ನು ಮುಂದಿಟ್ಟು, ನಾನು ತಿಳಿದಿರುವುದನ್ನು ತೋರಿಸಿಕೊಡಲು ಸಿದ್ಧನಿದ್ದೇನೆ.

ಇತಿ,
ಓರ್ವ ಅಧ್ಯಾಪಕ, ಬದಿಯಡ್ಕ